ಅಣಕ ಯಾರದ್ದು, ನಗು ಯಾರ ಮೇಲೆ?

ಕೊಡಗಿನಲ್ಲಿ ಸಂಘದ ವಾರ್ಷಿಕೋತ್ಸವವಿರಲಿ, ಕಾಲೇಜು ಸಮಾರಂಭವಿರಲಿ, ಮಿಮಿಕ್ರಿ ಮಾಡುವ ಹುಡುಗನೊಬ್ಬ ಇದ್ದರೆ ಅವನ ಪಟ್ಟಿಯಲ್ಲಿ ಸಿದ್ದರಾಮಯ್ಯನವರು ಇದ್ದೇ ಇರುತ್ತಾರೆ. ಅಧಿಕಾರ ನಡೆಸುವವರನ್ನು ಬಹಿರಂಗವಾಗಿ ಅಣಕಿಸುವ ಸ್ವಾತಂತ್ರ್ಯ ಪ್ರಜಾಪ್ರಭುತ್ವಕ್ಕೆ ಬೇಕೇ ಬೇಕು ಎಂದು ನಂಬಿರುವವಳು ನಾನು. ನನ್ನ ತಕರಾರು ಇರುವುದು, ಹೆಚ್ಚಿನ ಪ್ರದರ್ಶನಗಳಲ್ಲಿ ಅವರ ರಾಜಕಾರಣವನ್ನು ಮುಟ್ಟದೆ ಮೈಸೂರು ಸೀಮೆಯ ಹಳ್ಳಿ ಮಾತನ್ನೇ ನಗೆಪಾಟಲು ಮಾಡುತ್ತಿರುವುದರ ಬಗ್ಗೆ.

ಸಿದ್ದರಾಮನಹುಂಡಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ವಕೀಲಿಕೆ ಮಾಡಿ, 1983ರಲ್ಲಿ ಶಾಸಕರಾದ ಅವರು ಆಡಳಿತದಲ್ಲಿ ಕನ್ನಡದ ಬಳಕೆಯನ್ನು ನೋಡಿಕೊಳ್ಳಲು ಸರ್ಕಾರ ರಚಿಸಿದ್ದ ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರು. ಸದನದಲ್ಲಿಯೇ ಸಂಧಿ, ಸಮಾಸಗಳ ಪಾಠ ಹೇಳಿದವರು. ಅವರ ಮಾತಿನ ನಿಜವಾದ ವೈಶಿಷ್ಟ್ಯ ವಾದ ಕಟ್ಟುವ ಬಗೆಯಲ್ಲಿದೆ. ಎದುರಿನವರಿಗೆ ಪ್ರಶ್ನೆ ಹಾಕಿ, ಉತ್ತರ ಬರುವ ಮೊದಲೇ ಇನ್ನೊಂದು ಪ್ರಶ್ನೆಯನ್ನು ಅದಕ್ಕೆ ಜೋಡಿಸಿ, ಬಜೆಟ್ಟಿನ ಅಂಕಿಗಳನ್ನು ಮುಂದಿಟ್ಟು, ನಡುವೆ ಬಾಯಿ ಹಾಕಿದವರನ್ನು ಗದರಿ, ಮತ್ತೆ ಬಿಟ್ಟ ಜಾಗದಿಂದಲೇ ವಾದವನ್ನು ಮುಂದುವರಿಸುತ್ತಾರೆ. ಅಣಕಿಸುವವರು ಇದರಲ್ಲಿ ಆ ಗದರಿಕೆಯೊಂದನ್ನೇ ಎತ್ತಿಕೊಂಡು ಉಳಿದದ್ದನ್ನೆಲ್ಲ ಬಿಟ್ಟುಬಿಡುತ್ತಾರೆ. ಆ ವಾದದ ಜಾಣತನವನ್ನೂ, ಅದು ಎಲ್ಲಿ ಜಾರಿಕೊಳ್ಳುತ್ತದೆ ಎಂಬುದನ್ನೂ ತೋರಿಸಬಲ್ಲ ಕಲಾವಿದನಿದ್ದರೆ, ಅವನ ಅಣಕ ಪತ್ರಿಕೆಯ ಸಂಪಾದಕೀಯಕ್ಕಿಂತ ಹರಿತವಾಗಿರುತ್ತದೆ.

ವಾಜಪೇಯಿಯವರ ವಿಷಯದಲ್ಲೂ ಆದದ್ದು ಇದೇ. ಕಣ್ಣು ಮುಚ್ಚಿ ದೀರ್ಘವಾಗಿ ಮೌನವಾಗುವುದನ್ನು ಎಲ್ಲರೂ ಕಲಿತರು. ಆದರೆ 1996ರ ಮೇ ತಿಂಗಳಿನಲ್ಲಿ, ಬಹುಮತವಿಲ್ಲವೆಂದು ತಿಳಿದೂ ಲೋಕಸಭೆಯಲ್ಲಿ ಮಾತಾಡಿ, ರಾಷ್ಟ್ರಪತಿಯವರಿಗೆ ರಾಜೀನಾಮೆ ಕೊಡಲು ಹೊರಟಿದ್ದೇನೆಂದು ಅವರು ಭಾಷಣ ಮುಗಿಸಿದಾಗ, ಆ ಮೌನಗಳಿಗೆಲ್ಲ ತೂಕವಿದ್ದದ್ದು ಅವುಗಳ ಬೆನ್ನಿಗೆ ಬಂದ ಮಾತಿನಿಂದ.

ಈ ವ್ಯತ್ಯಾಸ ಕೊಡಗಿನವರಾದ ನಮಗೆ ಬೇಗ ಅರ್ಥವಾಗಬೇಕು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ, ಬ್ಯಾರಿ, ಮಲಯಾಳ ಆಡಿಕೊಂಡು ಬೆಳೆದು ಶಾಲೆಯಲ್ಲಿ ಕನ್ನಡ ಕಲಿತ ಎಷ್ಟೋ ಮಕ್ಕಳು ಓದಲೆಂದು ಘಟ್ಟದ ಕೆಳಗೋ ಬೆಂಗಳೂರಿಗೋ ಹೋದಾಗ, ಹೇಳಿದ ವಿಷಯಕ್ಕಿಂತ ಮೊದಲು ಅವರ ಉಚ್ಚಾರಣೆಗೆ ನಗು ಬೀಳುತ್ತದೆ. ಆ ನೋವು ಗೊತ್ತಿರುವ ನಾವೇ ಇನ್ನೊಂದು ಸೀಮೆಯ ಉಚ್ಚಾರಣೆಗೆ ಚಪ್ಪಾಳೆ ತಟ್ಟಿ ನಗುವುದು ನನಗೆ ಸಂಕಟದ ಸಂಗತಿ.

ಮಕ್ಕಳಿಗೆ ಮಿಮಿಕ್ರಿ ಕಲಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿಯಿದೆ: ಅರ್ಧ ನಿಮಿಷದ ರೀಲ್ಸ್ ತೋರಿಸುವ ಬದಲು ವಿಧಾನಸಭೆಯ ಒಂದು ಭಾಷಣವನ್ನು ಪೂರ್ತಿಯಾಗಿ ಕೇಳಿಸಿ, ಆ ನಾಯಕರು ಯಾವ ಪ್ರಶ್ನೆಗೆ ಉತ್ತರ ಕೊಟ್ಟರು, ಯಾವುದನ್ನು ತಪ್ಪಿಸಿಕೊಂಡರು ಎಂದು ಮಕ್ಕಳಿಂದಲೇ ಹೇಳಿಸಿ, ಆಮೇಲೆ ವೇದಿಕೆ ಹತ್ತಿಸಿ.