ಕಪ್ಪು ಚೌಕ, ನೀಲಿ ಚುಕ್ಕಿ

ಊಟವಾದ ಮೇಲೆ ಅಮೆರಿಕದ ನ್ಯೂ ಮೆಕ್ಸಿಕೋದ ಹಳೆಯ ಭೂಪಟಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡುವುದು ನನ್ನ ಈಚಿನ ಚಟ. ಅಲ್ಲಿನ ಸರ್ವೆಯವರು 1884ರಿಂದ 2006ರವರೆಗೆ ಅಚ್ಚು ಹಾಕಿದ್ದನ್ನೆಲ್ಲ ಬಿಟ್ಟಿಯಾಗಿ ಇಟ್ಟಿದ್ದಾರೆ. ಹಿಂದಿನಿಂದ ಬಗ್ಗಿ ನೋಡಿದ ನನ್ನವಳು, "ಎಲ್ರೀ ಇದು ಸೈಟು? ನೀರಿನ ಅನುಕೂಲ ಹೇಗೆ?" ಅಂದಳು.

ದನ ಮೇಯಿಸುವ ಆ ಮರುಭೂಮಿಯ ಭೂಪಟ ಇರುವುದೇ ಈ ಪ್ರಶ್ನೆಗಾಗಿ. ನೀಲಿ ಗೆರೆಯನ್ನು ನದಿ ಅಂದುಕೊಂಡರೆ ಕೆಟ್ಟಿರಿ. ಗೆರೆ ತುಂಡಾಗಿ ನಡುವೆ ಮೂರು ಚುಕ್ಕಿ ಬಂದರೆ ಅದು ಮಳೆ ಬಿದ್ದಾಗಷ್ಟೇ ಹರಿಯುವ ಹಳ್ಳ. 'ಟ್ಯಾಂಕ್' ಎಂದಿದ್ದರೆ ದನಗಳಿಗೆಂದು ಮಣ್ಣೊಡ್ಡಿದ ಕಟ್ಟೆ. ನಮ್ಮ ಕೆರೆಗಳನ್ನೂ ಬ್ರಿಟಿಷರು ಹಾಗೇ ಕರೆದರಲ್ಲ. ಇನ್ನು ಒಂಟಿ ಗಾಳಿಯಂತ್ರಕ್ಕೂ ಹೆಸರು ಬರೆದ ಮರ್ಯಾದೆ! ಪಟ್ಟಣಗಳಲ್ಲಾದರೆ ಸಾವಿರ ಮನೆಗಳ ಮೇಲೆ ನಸುಗೆಂಪು ಬಳಿದು ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ಒಂದೇ ಮನೆಗೆ ಒಂದು ಕಪ್ಪು ಚೌಕ. ತುಂಬಿದ ಚೌಕವಾದರೆ ವಾಸದ ಮನೆ, ಟೊಳ್ಳಾದರೆ ಕೊಟ್ಟಿಗೆಯೋ ಉಗ್ರಾಣವೋ. ನಾನಿರುವ ಬೀದಿಗೆ ಈ ಭಾಗ್ಯವಿಲ್ಲ.

ಆ ಸೀಮೆಯಲ್ಲೊಂದು ಬಯಲಿದೆ: ಜೊರ್ನಾಡಾ ಡೆಲ್ ಮುಎರ್ಟೊ. ರಿಯೊ ಗ್ರಾಂಡೆ ನದಿ ಪಕ್ಕಕ್ಕೆ ಸರಿದುಹೋಗಿ, ಸುಮಾರು 90 ಮೈಲಿ ನೀರಿಲ್ಲದೆ ನಡೆಯಬೇಕಾದ ದಾರಿಗೆ ಸ್ಪ್ಯಾನಿಷರು ಇಟ್ಟ ಹೆಸರು, ಸತ್ತವನ ಹಾದಿ. ಅಲ್ಲಿ 1913ರಲ್ಲಿ ಜರ್ಮನಿಯಿಂದ ಬಂದವನೊಬ್ಬ ಕಟ್ಟಿದ ಮನೆ ಆಮೇಲೆ ಮ್ಯಾಕ್‌ಡೊನಾಲ್ಡ್ ಕುಟುಂಬದ್ದಾಯಿತು. 1942ರಲ್ಲಿ ಸೈನ್ಯ ಬಂದು, ಬಾಂಬು ಹಾಕುವ ಅಭ್ಯಾಸಕ್ಕೆ ಜಾಗ ಬೇಕು ಎಂದು ಅವರನ್ನು ಎಬ್ಬಿಸಿತು. 1945ರ ಜುಲೈನಲ್ಲಿ ಅದೇ ಮನೆಯ ಮಲಗುವ ಕೋಣೆಗೆ ಧೂಳು ಬಾರದಂತೆ ಕಿಟಕಿ ಮುಚ್ಚಿ, ಮೊದಲ ಅಣುಬಾಂಬಿನ ಪ್ಲುಟೋನಿಯಂ ತಿರುಳನ್ನು ಜೋಡಿಸಿದರು. ಸೆಕೆ ತಾಳಲಾರದೆ ದನದ ನೀರಿನ ತೊಟ್ಟಿಯಲ್ಲಿ ಈಜಿದರಂತೆ. ಜುಲೈ 16ರ ನಸುಕಿನಲ್ಲಿ ಬಾಂಬು ಸಿಡಿದದ್ದು ಅಲ್ಲಿಂದ ಸುಮಾರು 2 ಮೈಲಿ ದೂರದಲ್ಲಿ. 24,000ಕ್ಕೆ ಒಂದರ ಅಳತೆಯ ಭೂಪಟದ ಮೇಲೆ ಬರೀ ಒಂದು ಚೋಟು. ಕಿಟಕಿಗಳು ಹಾರಿಹೋದವು, ಮನೆ ನಿಂತಿತು.

"ಬಾವಿ ಇದೆ, ತೊಟ್ಟಿ ಇದೆ, ಗೋಡೆಯಂತೂ ಭಾರಿ ಗಟ್ಟಿ" ಅಂದೆ.

"ಮತ್ಯಾಕ್ರೀ ಬಿಟ್ಟು ಹೋದ್ರು ಅವರು?"