ಕಥೆಯ ಕೊನೆ ಎರಡು ಪುಟ ಓದಲು ಬಿಡಲಿಲ್ಲ

ಮೊನ್ನೆ ಶನಿವಾರ ಮಡಿಕೇರಿಯ ಒಂದು ಬಾರಿನಲ್ಲಿ ಕಥೆ, ಕವನ ಓದುವ ಕಾರ್ಯಕ್ರಮ ಇತ್ತು. ಹೋಗಿ ಬಂದು ಮೂರು ದಿನ ಆಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಮನೆಯವರಿಗೆ ಹೇಳಿ ಹೇಳಿ ಅವರಿಗೂ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಸೋಮವಾರಪೇಟೆ ಕಡೆ. ಮಡಿಕೇರಿಗೆ ಹತ್ತಿರ ಹತ್ತಿರ 40 ಕಿಲೋಮೀಟರ್. ಜುಲೈ ಮಳೆ ಬೇರೆ. ಮಾದಾಪುರ ದಾಟಿದ ಮೇಲೆ ಮಂಜು ಎಷ್ಟಿತ್ತು ಅಂದರೆ ಎದುರಿನ ತಿರುವೇ ಕಾಣುತ್ತಿರಲಿಲ್ಲ. ಆದರೂ ಹೋದೆ. ನಮ್ಮ ಕಡೆ ಇಂಥದ್ದು ಎಷ್ಟು ಸಲ ಆಗುತ್ತದೆ ಹೇಳಿ? ಪುಸ್ತಕ ಬಿಡುಗಡೆ ಅಂದರೆ ಶಾಲು, ಹಾರ, ಎರಡು ಗಂಟೆ ಭಾಷಣ. ಕಥೆ ಬರೆದವರ ಬಾಯಿಂದ ಕಥೆ ಕೇಳುವುದು ಮಾತ್ರ ಆಗುವುದೇ ಇಲ್ಲ. ಇಲ್ಲಿ ಬರೆದವರೇ ಓದುತ್ತಾರೆ, ನಾವು ಕೂತು ಕೇಳಿದರೆ ಸಾಕು ಅಂತ ಗೊತ್ತಾದಾಗ ನಿಜಕ್ಕೂ ಖುಷಿಯಾಗಿತ್ತು. ತಲೆಗೆ 300 ರೂಪಾಯಿ ಮೊದಲೇ ಕಟ್ಟಿಸಿಕೊಂಡಿದ್ದರು. ಕೊಟ್ಟೆ, ಬೇಜಾರಿಲ್ಲ.

ಬಾರಿನಲ್ಲಿ ಸಾಹಿತ್ಯ ಓದಿದರೆ ಹೀಗೇ ಆಗುವುದು ಅಂತ ಕೆಲವರು ಈಗಲೇ ಬಾಯಿ ತೆರೆಯುತ್ತಾರೆ. ಕೊಡಗಿನಲ್ಲಿ ಹುಟ್ಟಿದವರು ಆ ಮಾತು ಆಡಬಾರದು. ನಮ್ಮಲ್ಲಿ ಮದುವೆ ಮನೆಯಲ್ಲಿ, ಹುತ್ತರಿ ಹಬ್ಬದಲ್ಲಿ ನಾಲ್ಕು ಜನ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಹಿಡಿದು ಬಾಳೋ ಪಾಟ್ ಹಾಡುತ್ತಾರೆ ಅಲ್ವಾ? ಸುತ್ತ ಕೂತವರ ಕೈಯಲ್ಲಿ ಗ್ಲಾಸು ಇರುತ್ತದೆ. ಆದರೂ ಹಾಡು ನಡೆಯುವಾಗ ಯಾರಾದರೂ ಹೋಗಿ ದುಡಿ ಕಿತ್ತುಕೊಂಡಿದ್ದನ್ನು ನೋಡಿದ್ದೀರಾ? ನಡಿಕೇರಿಯಂಡ ಚಿಣ್ಣಪ್ಪ ಅಂಥ ಹಾಡುಗಳನ್ನೆಲ್ಲ ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದರು. ಅಲ್ಲಿಯವರೆಗೂ ಅವು ಉಳಿದದ್ದು ಜನ ಹಾಡಿದ್ದರಿಂದ, ಜನ ಕೂತು ಕೇಳಿದ್ದರಿಂದ. ಕುಡಿಯುತ್ತಾ ಕೇಳುವುದು ನಮಗೆ ಹೊಸದಲ್ಲ. ಕರೆದು ಕೂರಿಸಿ ಅವಮಾನ ಮಾಡುವುದು ಹೊಸದು.

ಪೋಸ್ಟರಿನಲ್ಲಿ ಕಥೆಗಾರ್ತಿ ಕೊಡಗಿನ ಗೌರಮ್ಮನ ಫೋಟೋ ಹಾಕಿದ್ದರು. ಅದರ ಪಕ್ಕದಲ್ಲೇ ಬಿಯರ್ ಜಗ್ಗು, ಎರಡು ತಗೊಂಡರೆ ಒಂದು ಫ್ರೀ. ಗೌರಮ್ಮ 1912ರಲ್ಲಿ ಇದೇ ಮಡಿಕೇರಿಯಲ್ಲಿ ಹುಟ್ಟಿದವರು. ಮದುವೆಯಾದ ಮೇಲೆ ಶುಂಠಿಕೊಪ್ಪದ ಕಾಫಿ ತೋಟದಲ್ಲಿ ಇದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು, ಅವರು ಬಂದ ಮೇಲೆ ತಮ್ಮ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. 1939ರಲ್ಲಿ ಈಜಲು ಇಳಿದವರು ನೀರಿನಲ್ಲಿ ಮುಳುಗಿ ಹೋದರು. ಆಗ ವಯಸ್ಸು ಬರೀ 27. ಅಷ್ಟರಲ್ಲೇ ಅಂಥ ಕಥೆಗಳನ್ನು ಬರೆದಿಟ್ಟು ಹೋದ ಹೆಣ್ಣುಮಗಳು. ಅವರ ಮುಖ ಬೇಕಿತ್ತು ಇವರಿಗೆ, ಪೋಸ್ಟರಿಗೆ. ಇಡೀ ರಾತ್ರಿ ಅವರ ಕಥೆಯ ಒಂದು ಸಾಲನ್ನೂ ಯಾರೂ ಓದಲಿಲ್ಲ.

ಏಳು ಗಂಟೆಗೆ ಅಂದದ್ದು ಶುರುವಾಗಿದ್ದು ಎಂಟೂ ಇಪ್ಪತ್ತಕ್ಕೆ. ಟಿವಿಯಲ್ಲಿ ಕ್ರಿಕೆಟ್. ಸೌಂಡ್ ತೆಗೆದಿದ್ದರು, ಆದರೆ ನೋಡುವವರ ಬಾಯಿಗೆ ಬೀಗ ಇರಲಿಲ್ಲ. ಮೊದಲು ಒಬ್ಬ ಹುಡುಗ ಎರಡು ಕವನ ಓದಿದ. ವಿಕೆಟ್ ಬಿತ್ತು, ಕವನ ಯಾರಿಗೂ ಕೇಳಲಿಲ್ಲ. ಅವನು ತಲೆ ತಗ್ಗಿಸಿ ಇಳಿದು ಹೋದ. ನಿರೂಪಣೆ ಪೂರಾ ಇಂಗ್ಲಿಷ್.

ಆಮೇಲೆ ಒಬ್ಬ ಟೀಚರ್ ಬಂದರು. ರಿಟೈರ್ ಆದವರು, ಅರವತ್ತು ದಾಟಿದೆ. ಕೈಯಲ್ಲಿ ಪಿನ್ ಹೊಡೆದ ಎಂಟು ಹಾಳೆ, ಕೈಬರಹ. ಅಲ್ಲಿದ್ದದ್ದು ಕೆಂಪು ಲೈಟು. ಅದರಲ್ಲಿ ಅಕ್ಷರ ಹೇಗೆ ಕಾಣಬೇಕು? ಕನ್ನಡಕ ಹಾಕಿದರು, ಮೇಲೆತ್ತಿದರು, ಮತ್ತೆ ಹಾಕಿದರು. ಹಾಳೆ ಇಡಲು ಒಂದು ಸ್ಟ್ಯಾಂಡ್ ಇಲ್ಲ. ಹಾಳೆಗಳನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಚೀಲದಲ್ಲಿ ಮೊಬೈಲ್ ಹುಡುಕುತ್ತಿದ್ದರು, ಟಾರ್ಚ್ ಹಾಕಿಕೊಳ್ಳಲು. ಅಷ್ಟರಲ್ಲಿ ಪೋರ್ಕ್ ಫ್ರೈ ತಟ್ಟೆ ತಂದ ಹುಡುಗ ಅದೇ ಸ್ಟೂಲಿನ ಮೇಲೆ, ಹಾಳೆಗಳ ಮೇಲೆಯೇ ತಟ್ಟೆ ಇಟ್ಟ. ಆ ಹುಡುಗನನ್ನು ಬೈಯುವುದಿಲ್ಲ, ಅಷ್ಟು ಟೇಬಲ್ಲಿಗೆ ಒಬ್ಬನೇ ಓಡಾಡುತ್ತಿದ್ದ. ಟೀಚರ್ ತಟ್ಟೆ ಎತ್ತಿ ಅವನ ಕೈಗೆ ಕೊಟ್ಟು, ಸೆರಗಿನಿಂದ ಹಾಳೆ ಒರೆಸಿದರು. ಎಣ್ಣೆ ಆಗಲೇ ಮೂರನೇ ಹಾಳೆಗೆ ಇಳಿದಿತ್ತು.

ಓದಲು ಶುರು ಮಾಡಿದರು. ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಒಬ್ಬ ಹೆಂಗಸಿನ ಕಥೆ. ಕಾಫಿ ಕುಯ್ಲಿನ ಸಮಯ, ಕೂಲಿ ಕೆ.ಜಿ. ಲೆಕ್ಕದಲ್ಲಿ. ಅವಳಿಗೆ ಜ್ವರ, ಜಾಸ್ತಿ ಕುಯ್ಯಲು ಆಗಿಲ್ಲ. ಅಮ್ಮನಿಗೆ ಕೂಲಿ ಕಡಿಮೆಯಾಗುತ್ತದೆ ಅಂತ ಎಂಟು ವರ್ಷದ ಮಗಳು ಯಾರಿಗೂ ಹೇಳದೆ ಹಣ್ಣಿನ ಚೀಲದ ತಳಕ್ಕೆ ಒಂದು ಕಲ್ಲು ಹಾಕಿರುತ್ತಾಳೆ. ತೂಕದ ಹೊತ್ತು. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ಬಿಡಿಸಿದ್ದಾನೆ. ಮಗು ಅಮ್ಮನ ಸೀರೆ ಹಿಡಿದು ನಿಂತಿದೆ. ಆ ಬಾರಿನಲ್ಲಿ, ಆ ಗದ್ದಲದಲ್ಲಿ, ನಮ್ಮ ಸುತ್ತಲಿನ ನಾಲ್ಕು ಟೇಬಲ್ ಸುಮ್ಮನಾಗಿತ್ತು. ಮೈಸೂರಿನಿಂದ ಬಂದಿದ್ದ ಹುಡುಗರು ಕೂಡ ಗ್ಲಾಸು ಕೆಳಗಿಟ್ಟಿದ್ದರು. ಹೊರಗೆ ಶೀಟಿನ ಮೇಲೆ ಮಳೆ ಹೊಡೆಯುತ್ತಿತ್ತು. ಮಳೆ ಸದ್ದು ನಮಗೆ ಅಡ್ಡಿಯೇ ಅಲ್ಲ, ಆ ಕಥೆಗೆ ಅದು ಚೆನ್ನಾಗಿಯೇ ಇತ್ತು. ಅಡ್ಡಿ ಮಾಡಿದ್ದು ಕೌಂಟರಿನ ಮಿಕ್ಸಿ. ಐಸ್ ಹಾಕಿ ಎರಡು ಸಲ ತಿರುಗಿಸಿದರು, ಎರಡು ಸಲವೂ ಟೀಚರ್ ನಿಲ್ಲಿಸಿ ಕಾದರು.

ಮೇಸ್ತ್ರಿ ಚೀಲ ಕಣಕ್ಕೆ ಸುರಿಯಲು ಬಗ್ಗಿದ.

ಅಷ್ಟೇ. ಸ್ಪೀಕರಿನಲ್ಲಿ ಮ್ಯೂಸಿಕ್ ಬಂತು. ನಿರೂಪಕ ಬಂದು ಮೈಕು ತೆಗೆದುಕೊಂಡು, ಟೈಮ್ ಆಯ್ತು ಮೇಡಂ, ಜೋರಾಗಿ ಚಪ್ಪಾಳೆ ಅಂದ. ಮುಂದೆ ಕರೋಕೆ. ಟೀಚರ್ ಕೈಯಲ್ಲಿ ಇನ್ನೂ ಎರಡು ಹಾಳೆ ಇತ್ತು.

ನಾನು ಎದ್ದು ಹೋಗಿ, ಕಾರ್ಯಕ್ರಮ ಮಾಡಿಸುತ್ತಿದ್ದವರಿಗೆ ಹೇಳಿದೆ, ಎರಡೇ ಪುಟ, ಮುಗಿಸಲು ಬಿಡಿ ಅಂತ. ಅವರ ಉತ್ತರ ಕೇಳಿ: "ವೀಕೆಂಡ್ ಅಲ್ವಾ ಸಾರ್, ಮೂಡ್ ಡಲ್ ಆಗ್ತಾ ಇತ್ತು. ಕಥೆ ಎಲ್ಲಾ ಸುಮ್ನೆ ಒಂದು ಫ್ಲೇವರ್‌ಗೆ."

ಫ್ಲೇವರ್‌ಗಂತೆ! ಒಬ್ಬ ಹೆಂಗಸು ಬರೆದು, ಹೊಡೆದು, ಮತ್ತೆ ಬರೆದು, ಮಳೆಯಲ್ಲಿ ಬಂದು, ಎಣ್ಣೆ ಬಿದ್ದ ಹಾಳೆ ಹಿಡಿದು ಓದಿದ್ದು ಇವರಿಗೆ ಊಟದ ಜೊತೆಗಿನ ಉಪ್ಪಿನಕಾಯಿ. ನಿಮಗೆ ಕರೋಕೆ ಬೇಕಿದ್ದರೆ ಕರೋಕೆ ಅಂತಲೇ ಹಾಕಿ, ಯಾರು ಬೇಡ ಅಂದರು? ಓದಲು ಕರೆದ ಮೇಲೆ ಒಂದು ಬಿಳಿ ಬಲ್ಬು ಹಾಕಿ. ಹಾಳೆ ಇಡಲು ಜಾಗ ಕೊಡಿ. ಒಬ್ಬರು ಓದಿ ಮುಗಿಸುವ ತನಕ ಟಿವಿ ಆರಿಸಿ, ಮಿಕ್ಸಿ ತಿರುಗಿಸಬೇಡಿ, ಆರ್ಡರ್ ಆಮೇಲೆ ತನ್ನಿ. ಇದಕ್ಕೆ ಖರ್ಚು ಎಷ್ಟು ಬರುತ್ತದೆ? ಬಲ್ಬಿನ ದುಡ್ಡು. ನಾವು ಕೊಟ್ಟ 300ರಲ್ಲಿ ಅದು ಬರುವುದಿಲ್ಲವೇ?

ಟೀಚರ್ ಮನೆ ನಾನು ಹೋಗುವ ದಾರಿಯಲ್ಲೇ, ಮಾದಾಪುರಕ್ಕಿಂತ ಸ್ವಲ್ಪ ಮೊದಲು. ಆ ಹೊತ್ತಿಗೆ ಬಸ್ಸು ಎಲ್ಲಿ? ನನ್ನ ಕಾರಿನಲ್ಲೇ ಕರೆದುಕೊಂಡು ಬಂದೆ. ಅವರಿಗೆ ಹದಿನೈದು ನಿಮಿಷ ಅಂತ ಹೇಳಿದ್ದರಂತೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಓದಿ ನೋಡಿದ್ದರಂತೆ, ಹದಿನಾಲ್ಕು ನಿಮಿಷ ಆಗುತ್ತಿತ್ತಂತೆ. ಮಿಕ್ಸಿಗೆ ಕಾದ ಹೊತ್ತನ್ನೂ ಇವರ ಲೆಕ್ಕಕ್ಕೇ ಹಾಕಿದ್ದಾರೆ. ಇಷ್ಟು ಹೇಳಿ ಸುಮ್ಮನಾದರು. ಶುಂಠಿಕೊಪ್ಪ ದಾಟಿದ ಮೇಲೆ ತಡೆಯಲಾಗದೆ ಕೇಳಿದೆ, "ಟೀಚರ್, ಚೀಲ ಸುರಿದ ಮೇಲೆ ಏನಾಯ್ತು?"

"ಹೇಳಿದರೆ ಆಗಲ್ಲಪ್ಪ, ಅದನ್ನ ಓದಬೇಕು," ಅಂದರು. ಕಾರಿನ ಲೈಟ್ ಹಾಕಿಕೊಡಲೇ ಅಂದೆ. ಇವತ್ತು ಬೇಡ ಅಂದರು.

ಇವತ್ತು ಬೆಳಿಗ್ಗೆ ಆ ಬಾರಿಗೆ ಫೋನ್ ಮಾಡಿದೆ. ಟೀಚರ್ ಹತ್ತಿರ ಕ್ಷಮೆ ಕೇಳಿ, ಮತ್ತೆ ಕರೆಯಿರಿ, ಕಥೆ ಮೊದಲಿನಿಂದ ಓದಿಸಿ, ಇನ್ನೊಮ್ಮೆ 300 ಕೊಟ್ಟು ಬರುತ್ತೇನೆ ಅಂದೆ. ನೋಡೋಣ ಸಾರ್ ಅಂತ ಇಟ್ಟುಬಿಟ್ಟರು. ನಾಳೆ ಮತ್ತೆ ಮಾಡುತ್ತೇನೆ.