ಗಡಿಯಲ್ಲದ ಗಡಿಯಲ್ಲಿ ಹುಣಸೆಹಣ್ಣು

ಕಾಶ್ಮೀರದಲ್ಲಿ ಹುಣಸೆಮರ ನೋಡಿದವರು ಯಾರಾದರೂ ಇದ್ದೀರಾ? ಇರಲಿಕ್ಕಿಲ್ಲ. ಆ ಚಳಿಗೆ ನಮ್ಮ ತುಮಕೂರಿನ ಹುಣಸೆ ಒಂದು ಮಾಗಿಯೂ ತಡೆಯುವುದಿಲ್ಲ. ಆದರೂ 2008ರ ಅಕ್ಟೋಬರ್ 21ರಂದು, ಕಾಶ್ಮೀರವನ್ನು ಭಾರತ ಪಾಕಿಸ್ತಾನಗಳ ನಡುವೆ ಸೀಳಿರುವ ನಿಯಂತ್ರಣ ರೇಖೆಯ ಆಚೆ ಈಚೆ ವ್ಯಾಪಾರ ಶುರುವಾದಾಗ, ಒಪ್ಪಿಗೆ ಸಿಕ್ಕ 21 ಬಗೆಯ ಸಾಮಾನಿನಲ್ಲಿ ಹುಣಸೆಹಣ್ಣೂ ಇತ್ತು. ಅದೂ ಎರಡು ಕಡೆಯ ಪಟ್ಟಿಯಲ್ಲಿ! ಅಂದರೆ ಇಲ್ಲಿ ಬೆಳೆಯದ ಹುಣಸೆಯನ್ನು ಅಲ್ಲಿಗೆ ಕಳಿಸಬಹುದು, ಅಲ್ಲಿ ಬೆಳೆಯದ ಹುಣಸೆಯನ್ನು ಇಲ್ಲಿಗೆ ತರಿಸಬಹುದು. ಇತ್ತಲಿಂದ ಹೋಗುವ ಪಟ್ಟಿಯಲ್ಲಿ ತೆಂಗಿನ ನಾರಿನ ಹಾಸಿಗೆಯೂ ಇತ್ತು. ಪಟ್ಟಿ ಬರೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಮನೆಯಲ್ಲಿ ದಿನಾ ಸಾರು ಮಾಡುತ್ತಿದ್ದರು ಅನ್ನಿಸುತ್ತದೆ.

ವ್ಯಾಪಾರ ಅಂದೆ. ಆದರೆ ದುಡ್ಡು ಮುಟ್ಟುವ ಹಾಗಿರಲಿಲ್ಲ. ಸಾಮಾನು ಕೊಟ್ಟು ಸಾಮಾನು ತಗೋಬೇಕು. ನಮ್ಮಜ್ಜಿ ರಾಗಿ ಅಳೆದು ಕೊಟ್ಟು ಉಪ್ಪು ತಗೊಂಡ ಹಾಗೆ. ಬ್ಯಾಂಕ್ ಇಲ್ಲ. ಜಮ್ಮು ಕಾಶ್ಮೀರದಿಂದ ಪಾಕಿಸ್ತಾನದ ಕಡೆಗೆ ಫೋನೂ ಹೋಗುತ್ತಿರಲಿಲ್ಲ. ಆಚೆಯ ಲಾರಿ ಉರಿ ಹತ್ತಿರದ ಸಲಾಮಾಬಾದಿಗೋ, ಪೂಂಚ್‌ನ ಚಕ್ಕಾಂ-ದಾ-ಬಾಗಿಗೋ ಬಂದು ಸರಕು ಇಳಿಸಿ ವಾಪಸ್ ಹೋಗಬೇಕು. ನೀವು ಕಳಿಸಿದ ಬಾಳೆಹಣ್ಣಿಗೆ ಬದಲಾಗಿ ಏನು ಬರುತ್ತದೆ, ಎಷ್ಟು ಬರುತ್ತದೆ, ಯಾವತ್ತು ಬರುತ್ತದೆ ಎಂಬುದು ಆಚೆಯವನ ಮರ್ಜಿ. ಇಷ್ಟರ ಮೇಲೂ ಜನ ಹತ್ತು ವರ್ಷ ವ್ಯಾಪಾರ ಮಾಡಿದರು. ಹಮಾಲಿಗಳು, ಡ್ರೈವರ್‌ಗಳು, ಚಹಾದ ಅಂಗಡಿಯವರು ಅದರಲ್ಲೇ ಹೊಟ್ಟೆ ಹೊರೆದರು.

ಸುಂಕ? ಅದೂ ಇಲ್ಲ. ಯಾಕೆಂದರೆ ಅದು ಗಡಿ ಅಲ್ಲ. ಸರ್ಕಾರದ ಲೆಕ್ಕದಲ್ಲಿ ಆಚೆಯೂ ನಮ್ಮದೇ ಜಮ್ಮು ಕಾಶ್ಮೀರ ರಾಜ್ಯ ಅಲ್ವಾ, ನಮ್ಮ ಮನೆಯ ಅಡುಗೆಕೋಣೆಯಿಂದ ನಡುಮನೆಗೆ ಸೌಟು ತಂದರೆ ಯಾರಾದರೂ ಸುಂಕ ಕಟ್ಟುತ್ತಾರಾ? ಈ ಮಾತು ಮೊದಲು ಅರ್ಥವಾಗಿದ್ದು ಬಾದಾಮಿಗೆ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಬಾದಾಮಿ ಪಾಕಿಸ್ತಾನದ ಮೂಲಕ ಬಂದು, ರೇಖೆ ದಾಟಿದ ತಕ್ಷಣ ಸ್ಥಳೀಯ ಆಗಿಬಿಡುತ್ತಿತ್ತು. ರಾಷ್ಟ್ರೀಯ ತನಿಖಾ ದಳ (ಎನ್‌ಐಎ) ಅದರ ಬೆನ್ನು ಹತ್ತಿತು. ಆ ದುಡ್ಡು ಉಗ್ರರಿಗೆ ಹೋಗುತ್ತಿದೆ ಅಂತ ಕೇಸು ಹಾಕಿತು.

2014ರ ಜನವರಿಯಲ್ಲಿ ಇಂಥದ್ದೇ ಒಂದು ಬಾದಾಮಿ ಲಾರಿಯಲ್ಲಿ 100 ಕೆಜಿಗೂ ಜಾಸ್ತಿ ಬ್ರೌನ್ ಶುಗರ್ ಎಂಬ ಮಾದಕವಸ್ತು ಸಿಕ್ಕಿತು. ಡ್ರೈವರನ್ನು ಇಲ್ಲಿ ಹಿಡಿದರು. ಅವನನ್ನು ಬಿಡಿ ಅಂತ ಅವರು ಅಲ್ಲಿ ನಮ್ಮ ಡ್ರೈವರ್‌ಗಳನ್ನು ಇಟ್ಟುಕೊಂಡರು. ಅವರ ಡ್ರೈವರ್‌ಗಳೂ ಇಲ್ಲೇ ಉಳಿದರು. ಗಾಂಜಾನೂ ಮುಟ್ಟದ ಬಡಪಾಯಿಗಳು ಲಾರಿ ಪಕ್ಕದಲ್ಲೇ ವಾರಗಟ್ಟಲೆ ಚಳಿಯಲ್ಲಿ ಕಾದರು. ಸಾಮಾನಿಗೆ ಸಾಮಾನು ಅನ್ನುವ ನಿಯಮವನ್ನು ಇಷ್ಟು ಶ್ರದ್ಧೆಯಿಂದ ಬೇರೆ ಯಾರೂ ಪಾಲಿಸಿರಲಿಲ್ಲ.

2019ರ ಏಪ್ರಿಲ್‌ನಲ್ಲಿ ಕೇಂದ್ರ ಬಾಗಿಲು ಹಾಕಿತು. ಆಯುಧ, ಮಾದಕವಸ್ತು, ಖೋಟಾನೋಟು ಬರುತ್ತಿವೆ ಎಂಬ ಕಾರಣ ಕೊಟ್ಟಿತು. ಇರಬಹುದು, ತಳ್ಳಿಹಾಕುವ ಮಾತಲ್ಲ. ಲಾರಿಯನ್ನು ಪೂರ್ತಿ ಸ್ಕ್ಯಾನ್ ಮಾಡುವ ಯಂತ್ರ ಬೇಕು ಅಂತ ವ್ಯಾಪಾರಿಗಳೇ ವರ್ಷಗಟ್ಟಲೆ ಕೇಳುತ್ತಿದ್ದರು. ಯಂತ್ರ ಹಾಕುವುದಕ್ಕಿಂತ ಬೀಗ ಹಾಕುವುದು ಅಗ್ಗ ಬಿಡಿ.

ತಮಾಷೆ ಶುರುವಾಗಿದ್ದು ಆಮೇಲೆ. ಬೀಗ ಬಿದ್ದ ವ್ಯಾಪಾರಕ್ಕೆ ಜಿಎಸ್‌ಟಿ ನೋಟಿಸ್ ಬಂತು. 2017ರಿಂದ 2019ರವರೆಗೆ ಕಳಿಸಿದ ಸರಕಿಗೆ ತೆರಿಗೆ ಕಟ್ಟಿ ಅಂತ. ಯಾಕೆಂದರೆ ಅದು ಗಡಿ ಅಲ್ಲ! ಆಚೆಯೂ ನಮ್ಮದೇ ರಾಜ್ಯ, ರಾಜ್ಯದೊಳಗಿನ ಮಾರಾಟಕ್ಕೆ ಜಿಎಸ್‌ಟಿ ಉಂಟು. ವ್ಯಾಪಾರಿಗಳು ಹೈಕೋರ್ಟಿಗೆ ಹೋದರು. ಹೌದು, ಅದು ರಾಜ್ಯದೊಳಗಿನ ವ್ಯಾಪಾರವೇ ಅಂತ 2025ರಲ್ಲಿ ಕೋರ್ಟೂ ಹೇಳಿತು. ಕಾನೂನು ಪ್ರಕಾರ ಸರಿಯೇ. (ಅಷ್ಟರಲ್ಲಿ ಆ ರಾಜ್ಯವೇ ಕೇಂದ್ರಾಡಳಿತ ಪ್ರದೇಶವಾಗಿತ್ತು, ಆ ಮಾತು ಬೇರೆ.)

ಈಗ ಸಲಾಮಾಬಾದಿನ ಒಬ್ಬ ವ್ಯಾಪಾರಿಯ ಜಾಗದಲ್ಲಿ ನಿಂತು ನೋಡಿ. ದುಡ್ಡೇ ಕಾಣದ ವ್ಯಾಪಾರಕ್ಕೆ ರೂಪಾಯಿಯಲ್ಲಿ ತೆರಿಗೆ ಕಟ್ಟಬೇಕು. ಕೊನೆಯ ಲೋಡಿಗೆ ಬದಲು ಸಾಮಾನು ಬರುವ ಮುಂಚೆಯೇ ಬಾಗಿಲು ಬಿದ್ದಿದ್ದರೆ, ಆ ಬಾಕಿ ಇನ್ನೂ ರೇಖೆಯಾಚೆಯ ಚಕೋಠಿಯಲ್ಲೇ ಇದೆ. ರೇಖೆಯ ಮೇಲಿನ ಸೇತುವೆ ದಾಟಿದರೆ ಚಕೋಠಿ. ನೋಟಿಸಿನ ಪ್ರಕಾರ ಅದು ಅವನದೇ ರಾಜ್ಯದ ಊರು. ಹೋಗಿ ವಸೂಲಿ ಮಾಡೋಣ ಅಂದರೆ, ಆಚೆಗೆ ಹೋಗುತ್ತಿದ್ದ ಮುಜಫ್ಫರಾಬಾದಿನ ಬಸ್ಸು 2019ರಲ್ಲೇ ನಿಂತಿದೆ.